ಮಿಸಿಸಿಪ್ಪಿ ದಂಡೆಯ ಐದು ಊರು: ಕ್ವಾಡ್ ಸಿಟೀಸ್‌ನಲ್ಲಿ ಮನೆ ಎಲ್ಲಿ ಮಾಡಬೇಕು?

ಅಮೆರಿಕದ ಮೋಲೀನ್‌ಗೆ ವರ್ಗವಾಗಿದೆ ಅಂತ ಗೊತ್ತಾದ ತಕ್ಷಣ ಮ್ಯಾಪ್ ತೆರೆದು ನೋಡಿದವರಿಗೆ ಗೊಂದಲ ಶುರುವಾಗುತ್ತದೆ. ಆಫೀಸು ಮೋಲೀನ್‌ನಲ್ಲಿ. ಮನೆ ತೋರಿಸುವವರು ಬೆಟೆಂಡಾರ್ಫ್ ಅನ್ನುತ್ತಾರೆ. ಕಡಿಮೆ ಬೆಲೆಯ ಮನೆಗಳು ರಾಕ್ ಐಲ್ಯಾಂಡ್‌ನಲ್ಲಿ ಕಾಣುತ್ತವೆ. ಎಲ್ಲಕ್ಕಿಂತ ದೊಡ್ಡ ಊರು ಡ್ಯಾವೆನ್‌ಪೋರ್ಟ್. ಪಕ್ಕದಲ್ಲೇ ಈಸ್ಟ್ ಮೋಲೀನ್ ಬೇರೆ. ಇವೆಲ್ಲ ಸೇರಿ ಕ್ವಾಡ್ ಸಿಟೀಸ್, ಅಂದರೆ ನಾಲ್ಕು ಊರು. ಹೆಸರಿನಲ್ಲಿ ನಾಲ್ಕು, ಇರುವುದು ಐದು. ಅದರಲ್ಲೂ ಎರಡು ಊರು ಒಂದು ರಾಜ್ಯದಲ್ಲಿ, ಮೂರು ಇನ್ನೊಂದರಲ್ಲಿ.

ಶಾಲೆಗಳ ಅಂಕ ನೋಡಿ, ಬಾಡಿಗೆ ನೋಡಿ ತೀರ್ಮಾನ ಮಾಡುವವರೇ ಜಾಸ್ತಿ. ಅದು ತಪ್ಪಲ್ಲ, ಆದರೆ ಸಾಲದು. ಈ ಐದೂ ಊರು ಬೇರೆ ಬೇರೆ ಕಾರಣಕ್ಕೆ ಹುಟ್ಟಿದವು, ಬೇರೆ ಬೇರೆ ಪೆಟ್ಟು ತಿಂದವು. ಇವತ್ತಿನ ಮನೆ ಬೆಲೆ, ತೆರಿಗೆ, ಪ್ರವಾಹದ ಭಯ, ರಸ್ತೆಯ ಗದ್ದಲ ಎಲ್ಲಕ್ಕೂ ಬೇರು ಆ ಚರಿತ್ರೆಯಲ್ಲೇ ಇದೆ. ಅದನ್ನು ತಿಳಿದು ಊರು ಆರಿಸಿಕೊಂಡರೆ ಆಮೇಲೆ ಕೊರಗಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ದಿಕ್ಕು ಸರಿ ಮಾಡಿಕೊಳ್ಳಿ

ಮಿಸಿಸಿಪ್ಪಿ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ನದಿ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಈ ಊರುಗಳ ಹತ್ತಿರ ಮಾತ್ರ ಅದು ತಿರುಗಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಹಾಗಾಗಿ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್, ಬೆಟೆಂಡಾರ್ಫ್ ಉತ್ತರ ದಂಡೆಯಲ್ಲಿವೆ. ಇಲಿನಾಯ್ ರಾಜ್ಯದ ರಾಕ್ ಐಲ್ಯಾಂಡ್, ಮೋಲೀನ್, ಈಸ್ಟ್ ಮೋಲೀನ್ ದಕ್ಷಿಣ ದಂಡೆಯಲ್ಲಿವೆ. ಇಲಿನಾಯ್ ಊರುಗಳ ಬೆನ್ನಿಗೆ ರಾಕ್ ನದಿ. ಎರಡೂ ದಂಡೆಗಳ ನಡುವೆ 900 ಎಕರೆಗೂ ದೊಡ್ಡದಾದ ಒಂದು ದ್ವೀಪ, ಅದು ಅಮೆರಿಕದ ಸೇನೆಯ ಕೈಯಲ್ಲಿದೆ.

ಊರುಗಳು ಇಲ್ಲೇ ಯಾಕೆ ಹುಟ್ಟಿದವು? ಇಲ್ಲಿಂದ ಮೇಲಕ್ಕೆ, ಲಕ್ಲೇರ್ ಎಂಬ ಊರಿನವರೆಗೆ ಸುಮಾರು 14 ಮೈಲಿ ನದಿಯ ತಳವೆಲ್ಲ ಬಂಡೆ. ನೀರು ರಭಸವಾಗಿ ಹರಿಯುತ್ತಿತ್ತು. ದೋಣಿಗಳು ನಿಲ್ಲಬೇಕಿತ್ತು, ಸರಕು ಇಳಿಸಬೇಕಿತ್ತು, ದಾರಿ ಬಲ್ಲ ನಾವಿಕರನ್ನು ಕರೆದುಕೊಳ್ಳಬೇಕಿತ್ತು. ರಭಸದ ನೀರು ಗಿರಣಿ ತಿರುಗಿಸಲು ಅನುಕೂಲ. ಬಂಡೆಯ ತಳ, ನಡುವೆ ದ್ವೀಪ, ಸೇತುವೆ ಕಟ್ಟಲೂ ಅನುಕೂಲ. ಸುತ್ತಲೂ ಆಳೆತ್ತರದ ಹುಲ್ಲು ಬೆಳೆಯುವ ಪ್ರೇರಿ ಬಯಲು.

ಅದು ಖಾಲಿ ಬಯಲಾಗಿರಲಿಲ್ಲ. ಇಂದಿನ ರಾಕ್ ಐಲ್ಯಾಂಡ್ ಇರುವಲ್ಲಿ, ರಾಕ್ ನದಿಯ ದಂಡೆಯಲ್ಲಿ ಸಾಕ್ ಎಂಬ ಮೂಲನಿವಾಸಿ ಜನರ ಸಾಕೆನಕ್ ಎಂಬ ದೊಡ್ಡ ಊರಿತ್ತು. ಸಾವಿರಾರು ಜನ, ನೂರಾರು ಎಕರೆ ಮೆಕ್ಕೆಜೋಳದ ಹೊಲ. ಅವರ ನಾಯಕ ಬ್ಲ್ಯಾಕ್ ಹಾಕ್ ಅಲ್ಲೇ 1767ರಲ್ಲಿ ಹುಟ್ಟಿದವನು. 1804ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಅಮೆರಿಕ ಸರ್ಕಾರದವರು ಕೆಲವೇ ಜನರ ಸಹಿ ಹಾಕಿಸಿಕೊಂಡು ಈ ನೆಲವನ್ನೆಲ್ಲ ಬರೆಸಿಕೊಂಡರು. ಆ ಒಪ್ಪಂದವನ್ನು ಬ್ಲ್ಯಾಕ್ ಹಾಕ್ ಒಪ್ಪಲೇ ಇಲ್ಲ. 1832ರಲ್ಲಿ ತನ್ನ ಜನರನ್ನು ಕರೆದುಕೊಂಡು ನದಿ ದಾಟಿ ಹಿಂತಿರುಗಿದ. ಯುದ್ಧವಾಯಿತು, ಸೋತ, ಅವನ ಜನ ಬಹಳ ಸತ್ತರು. ಆ ಯುದ್ಧಕ್ಕೆ ಸೇರಿದ್ದ ಸ್ಥಳೀಯ ಪಡೆಯಲ್ಲಿ 23 ವರ್ಷದ ಅಬ್ರಹಾಂ ಲಿಂಕನ್ ಕೂಡ ಇದ್ದ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಮುಂದೆ ಡ್ಯಾವೆನ್‌ಪೋರ್ಟ್ ಆದ ಜಾಗದಲ್ಲಿ ಇನ್ನೊಂದು ಒಪ್ಪಂದ ನಡೆದು ಅಯೋವಾದ ಬಾಗಿಲು ಬಿಳಿಯ ವಲಸಿಗರಿಗೆ ತೆರೆಯಿತು. ಯಾವ ಊರಲ್ಲಿ ಮನೆ ಮಾಡಿದರೂ ಸರಿ, ರಾಕ್ ಐಲ್ಯಾಂಡ್‌ನ ಬ್ಲ್ಯಾಕ್ ಹಾಕ್ ಸ್ಮಾರಕ ತಾಣಕ್ಕೆ ಒಮ್ಮೆ ಹೋಗಿ ಬನ್ನಿ.

ಡ್ಯಾವೆನ್‌ಪೋರ್ಟ್: ನದಿಗೆ ಗೋಡೆ ಕಟ್ಟದ ಊರು

ಲಕ್ಷ ದಾಟಿದ ಜನಸಂಖ್ಯೆ ಇರುವುದು ಇದೊಂದಕ್ಕೇ. 2020ರ ಗಣತಿಯಲ್ಲಿ 1,01,724. ಒಪ್ಪಂದದ ಮಾತುಕತೆಗಳಲ್ಲಿ ದುಭಾಷಿಯಾಗಿದ್ದ ಆಂಟ್ವಾನ್ ಲಕ್ಲೇರ್ ಮತ್ತು ಅವನ ಜೊತೆಗಾರರು 1836ರಲ್ಲಿ ಊರು ಕಟ್ಟಿದರು. ಲಕ್ಲೇರ್‌ನ ತಾಯಿಯ ಕಡೆ ಪೊಟವಾಟಮಿ ಎಂಬ ಮೂಲನಿವಾಸಿ ಜನರ ಮೂಲ, ತಂದೆ ಫ್ರೆಂಚ್ ಕೆನಡಿಯನ್. ಊರಿಗೆ ತನ್ನ ಗೆಳೆಯ, ದ್ವೀಪದ ವ್ಯಾಪಾರಿ ಜಾರ್ಜ್ ಡ್ಯಾವೆನ್‌ಪೋರ್ಟ್‌ನ ಹೆಸರಿಟ್ಟ. 1848ರ ಕ್ರಾಂತಿ ಸೋತ ಮೇಲೆ ಉತ್ತರ ಜರ್ಮನಿಯ ಶ್ಲೆಸ್ವಿಗ್ ಹೋಲ್‌ಸ್ಟೈನ್ ಕಡೆಯಿಂದ ಓದು ಬರಹ ಬಲ್ಲ ಜನ ಗುಂಪು ಗುಂಪಾಗಿ ಇಲ್ಲಿಗೆ ಬಂದರು. ವ್ಯಾಯಾಮಶಾಲೆ, ಸಂಗೀತ, ಪತ್ರಿಕೆ ಎಲ್ಲವನ್ನೂ ಜೊತೆಗೆ ತಂದರು. ಜಾಜ್ ಸಂಗೀತದ ಬಿಕ್ಸ್ ಬೈಡರ್‌ಬೆಕ್ 1903ರಲ್ಲಿ ಹುಟ್ಟಿದ್ದು ಇಂಥ ಜರ್ಮನ್ ಮೂಲದ ಮನೆಯಲ್ಲೇ. ಊರಿನ ಕಲೆ ಸಂಗೀತದ ಒಲವು ಇಂದಿಗೂ ಹೋಗಿಲ್ಲ. 2005ರಲ್ಲಿ ತೆರೆದ ಫಿಗೀ ಕಲಾ ಸಂಗ್ರಹಾಲಯ ನದಿಯ ಮುಖಕ್ಕೇ ಇದೆ.

ಊರು ಬೆಳೆದದ್ದು ಸೇತುವೆಯಿಂದ. ಶಿಕಾಗೋದಿಂದ ಹೊರಟ ರೈಲು 1854ರಲ್ಲಿ ರಾಕ್ ಐಲ್ಯಾಂಡ್ ಮುಟ್ಟಿ ನದಿಯ ಮುಂದೆ ನಿಂತಿತು. 1856ರ ಏಪ್ರಿಲ್‌ನಲ್ಲಿ ದ್ವೀಪದ ಮೇಲೆ ಹಾದು ಡ್ಯಾವೆನ್‌ಪೋರ್ಟ್ ಸೇರುವ ಸೇತುವೆ ಸಿದ್ಧವಾಯಿತು. ಮಿಸಿಸಿಪ್ಪಿಗೆ ಕಟ್ಟಿದ ಮೊದಲ ರೈಲು ಸೇತುವೆ ಅದು. ಎರಡು ವಾರ ಕಳೆಯುವಷ್ಟರಲ್ಲಿ, ಮೇ 6ರಂದು, ಎಫಿ ಆಫ್ಟನ್ ಎಂಬ ಹಬೆದೋಣಿ ಸೇತುವೆಯ ಕಂಬಕ್ಕೆ ಬಡಿದು ಹೊತ್ತಿ ಉರಿಯಿತು. ಸೇತುವೆಯ ಒಂದು ಭಾಗವೂ ಸುಟ್ಟಿತು. ದೋಣಿಯ ಮಾಲೀಕರು ಕೇಸು ಹಾಕಿದರು. ಒಂದು ಕಡೆ ಸೇಂಟ್ ಲೂಯಿಸ್‌ನ ದೋಣಿ ವ್ಯಾಪಾರ, ಇನ್ನೊಂದು ಕಡೆ ಶಿಕಾಗೋದ ರೈಲು. 1857ರಲ್ಲಿ ಸೇತುವೆ ಕಂಪನಿಯ ಪರ ವಾದಿಸಿದ ವಕೀಲರಲ್ಲಿ ಲಿಂಕನ್ ಒಬ್ಬ. ತೀರ್ಪುಗಾರರಲ್ಲಿ ಒಮ್ಮತ ಬರಲಿಲ್ಲ, ಸೇತುವೆ ಉಳಿಯಿತು. ಪ್ರೇರಿಯ ಧಾನ್ಯ ದಕ್ಷಿಣಕ್ಕೆ ದೋಣಿಯಲ್ಲಿ ಹೋಗುವ ಬದಲು ಪೂರ್ವಕ್ಕೆ ರೈಲಿನಲ್ಲಿ ಹೋಗಲು ದಾರಿಯಾಯಿತು. ಶಿಕಾಗೋ ಬೆಳೆದ ಕಥೆಯಲ್ಲಿ ಈ ಸಣ್ಣ ಊರಿನ ಪಾಲೂ ಇದೆ.

ಇಂದು ಮನೆ ನೋಡುವವರಿಗೆ ಮುಖ್ಯವಾದ ವಿಷಯ ನೀರು. ಡ್ಯಾವೆನ್‌ಪೋರ್ಟ್‌ಗೆ ಸುಮಾರು 9 ಮೈಲಿ ನದಿತೀರ ಇದೆ, ಶಾಶ್ವತ ತಡೆಗೋಡೆ ಇಲ್ಲ. ನದಿಯ ನೋಟ ಮರೆಯಾಗಬಾರದು, ಖರ್ಚೂ ಹೆಚ್ಚು ಎಂದು ಊರು ಮತ್ತೆ ಮತ್ತೆ ಗೋಡೆ ಬೇಡ ಅಂದಿದೆ. ಇಲ್ಲಿ ನದಿ ಮಟ್ಟ 15 ಅಡಿ ಮುಟ್ಟಿದರೆ ನೆರೆ ಎಂದು ಲೆಕ್ಕ. 1993ರಲ್ಲಿ 22.63 ಅಡಿ ಏರಿತ್ತು. 2019ರ ಏಪ್ರಿಲ್ 30ರಂದು ಮರಳು ತುಂಬಿ ನಿಲ್ಲಿಸಿದ್ದ ತಾತ್ಕಾಲಿಕ ತಡೆ ಒಡೆದು ಪೇಟೆಯ ಬೀದಿಗಳಿಗೆ ನೀರು ನುಗ್ಗಿತು. ಎರಡು ದಿನದಲ್ಲಿ 22.70 ಅಡಿಗೆ ಏರಿ ಹಳೆಯ ದಾಖಲೆ ಮುರಿಯಿತು. ಗೋಡೆ ಬೇಡವೆಂದ ಮನಸ್ಸು ನನಗೆ ಅರ್ಥವಾಗುತ್ತದೆ. ಸಂಜೆ ನದಿ ದಂಡೆಯಲ್ಲಿ ನಡೆದವರಿಗೆ ಆ ನೋಟದ ಬೆಲೆ ಗೊತ್ತು. ಆದರೆ ಅಂಗಡಿ ಕಳೆದುಕೊಂಡವರ ನಷ್ಟ ಸಣ್ಣದಲ್ಲ.

ಇದನ್ನು ಕೇಳಿ ಇಡೀ ಊರನ್ನೇ ಬಿಡಬೇಕಿಲ್ಲ. ದಂಡೆಯಿಂದ ಸ್ವಲ್ಪ ದೂರಕ್ಕೇ ನೆಲ ಏರುತ್ತದೆ. ಹೆಚ್ಚಿನ ಬಡಾವಣೆಗಳು ಆ ಏರಿನ ಮೇಲಿವೆ, ಮಿಸಿಸಿಪ್ಪಿ ಅಲ್ಲಿಗೆ ಬರುವುದಿಲ್ಲ. ಆದರೆ ಮೇಲಿನ ಬಡಾವಣೆಗಳ ನಡುವೆ ಡಕ್ ಕ್ರೀಕ್ ಎಂಬ ಹಳ್ಳ ಹರಿಯುತ್ತದೆ. 1990ರ ಜೂನ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಅದು ಉಕ್ಕಿತ್ತು. ಹಾಗಾಗಿ ದೊಡ್ಡ ನದಿಯನ್ನಷ್ಟೇ ನೋಡಬೇಡಿ, ಹಳ್ಳವನ್ನೂ ನೋಡಿ. ಇನ್ನೊಂದು ಮಾತು. ಪೇಟೆಯ ನಡುವಿನ ಹಳೆಯ ಇಟ್ಟಿಗೆ ಕಟ್ಟಡಗಳ ಅಪಾರ್ಟ್‌ಮೆಂಟುಗಳು ಚೆಂದ, ಕೆಲಸಕ್ಕೂ ಹತ್ತಿರ. ಆದರೆ 2023ರ ಮೇ 28ರಂದು ಅಂಥ ಒಂದು ಆರಂತಸ್ತಿನ ಕಟ್ಟಡದ ಭಾಗ ಕುಸಿದು ಮೂವರು ಸತ್ತರು. ಹಳೆ ಕಟ್ಟಡದಲ್ಲಿ ಬಾಡಿಗೆ ಹಿಡಿಯುವ ಮುಂಚೆ ನಗರಸಭೆಯ ತಪಾಸಣೆ ದಾಖಲೆ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಮೋಲೀನ್: ನೇಗಿಲಿನಿಂದ ಹುಟ್ಟಿದ ಊರು

ಪ್ರೇರಿಯ ಮಣ್ಣು ಕಪ್ಪು, ಫಲವತ್ತು, ವಿಪರೀತ ಅಂಟು. ಮಳೆ ಬಿದ್ದ ಮೇಲೆ ಗದಗ, ಧಾರವಾಡದ ಎರೆಹೊಲದಲ್ಲಿ ಕಾಲಿಟ್ಟವರಿಗೆ ಆ ಅಂಟು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಪೂರ್ವದಿಂದ ಬಂದ ರೈತರು ತಂದಿದ್ದ ಎರಕದ ಕಬ್ಬಿಣದ ನೇಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ಎತ್ತು ನಿಲ್ಲಿಸಿ ಕೆರೆಯಬೇಕಿತ್ತು. 1837ರಲ್ಲಿ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯ ಕಮ್ಮಾರ ಜಾನ್ ಡೀರ್ ಮುರಿದ ಗರಗಸದ ಉಕ್ಕಿನಿಂದ ನೇಗಿಲು ಮಾಡಿದ. ಉಜ್ಜಿ ನುಣುಪು ಮಾಡಿದ ಉಕ್ಕಿನ ಮೇಲೆ ಮಣ್ಣು ನಿಲ್ಲದೆ ಜಾರಿತು. 1848ರಲ್ಲಿ ಅವನು ಮೋಲೀನ್‌ಗೆ ಬಂದ. ಇಲ್ಲಿ ದ್ವೀಪಕ್ಕೂ ದಂಡೆಗೂ ನಡುವೆ ಆಗಲೇ ಒಡ್ಡು ಕಟ್ಟಿ ಗಿರಣಿ ತಿರುಗಿಸುತ್ತಿದ್ದರು. ನೀರಿನ ಬಲ ಇತ್ತು, ಉಕ್ಕು ಮತ್ತು ಕಲ್ಲಿದ್ದಲು ತರಿಸಲು, ನೇಗಿಲು ಕಳಿಸಲು ನದಿ ಇತ್ತು. ಕಾರ್ಖಾನೆಗೆ ಕೆಲಸಗಾರರಾಗಿ ಸ್ವೀಡನ್‌ನಿಂದ, ಬೆಲ್ಜಿಯಂನಿಂದ ಜನ ಬಂದರು, ಆಮೇಲೆ ಮೆಕ್ಸಿಕೋದಿಂದ.

ಇಂದಿಗೂ ಜಾನ್ ಡೀರ್ ಕಂಪನಿಯ ಕೇಂದ್ರ ಕಚೇರಿ ಇಲ್ಲೇ. ವಾಸ್ತುಶಿಲ್ಪಿ ಈರೋ ಸಾರಿನೆನ್ ಅದರ ನಕ್ಷೆ ಮಾಡಿದ, 1961ರಲ್ಲಿ ತೀರಿಕೊಂಡ. ಕಟ್ಟಡ ತೆರೆದದ್ದು 1964ರಲ್ಲಿ. ಮೇಲ್ಮೈ ಒಮ್ಮೆ ತುಕ್ಕು ಹಿಡಿದರೆ ಆ ತುಕ್ಕೇ ಒಳಗಿನ ಉಕ್ಕನ್ನು ಕಾಯುವಂಥ ಲೋಹ ಬಳಸಿದ್ದಾರೆ. ಉತ್ತ ಹೊಲದ ಕಂದು ಬಣ್ಣದಲ್ಲಿ ಇಡೀ ಕಟ್ಟಡ ಕೆರೆಯ ಮೇಲೆ ನಿಂತಿದೆ. ರೈತರ ಯಂತ್ರ ಮಾಡುವ ಕಂಪನಿಗೆ ಇದಕ್ಕಿಂತ ಹೊಂದುವ ಕಟ್ಟಡ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ಇದೇ ಕಂಪನಿಗೆ ಪುಣೆಯಲ್ಲಿ ದೊಡ್ಡ ತಾಂತ್ರಿಕ ಕೇಂದ್ರವಿದೆ. ಭಾರತದ ಎಂಜಿನಿಯರುಗಳು ಇಷ್ಟು ದೂರದ ಬಯಲಿಗೆ ಬಂದು ನೆಲೆಸಿರುವುದಕ್ಕೆ ಮುಖ್ಯ ಕಾರಣ ಅದೇ.

ಮೋಲೀನ್‌ನ ಜನಸಂಖ್ಯೆ 42,985. ವಿಮಾನ ನಿಲ್ದಾಣ ಇಲ್ಲೇ ಇದೆ. ಕೇಂದ್ರ ಕಚೇರಿಯಲ್ಲಿ ಕೆಲಸ, ಒಂದೇ ಕಾರು, ಮಕ್ಕಳಿನ್ನೂ ಸಣ್ಣವರು ಅನ್ನುವವರಿಗೆ ಮೋಲೀನ್ ಸರಿ. ಸೇತುವೆ ದಾಟುವ ಗೋಜೇ ಇಲ್ಲ. ಒಂದು ಎಚ್ಚರಿಕೆ: ಊರಿನ ದಕ್ಷಿಣದ ತಗ್ಗಿನಲ್ಲಿ ರಾಕ್ ನದಿಯ ನೆರೆ ಬರುತ್ತದೆ. ಮಿಸಿಸಿಪ್ಪಿ ದೂರ ಇದೆಯಲ್ಲ ಅಂತ ಸುಮ್ಮನಿರಬೇಡಿ.

ಈಸ್ಟ್ ಮೋಲೀನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಖಾನೆಯ ಊರು, 21,374 ಜನ. ಡೀರ್‌ನ ಕೊಯ್ಲು ಯಂತ್ರಗಳ ಕಾರ್ಖಾನೆ 1912ರಿಂದ ಇಲ್ಲಿದೆ. ಮನೆ ಅಗ್ಗ. ಕೃಷಿ ವ್ಯಾಪಾರ ಕುಗ್ಗಿದ ವರ್ಷ ಮೊದಲ ಪೆಟ್ಟು ಇಲ್ಲಿಗೇ, 2024ರಲ್ಲೂ ಈ ಕಾರ್ಖಾನೆಯಿಂದ ನೂರಾರು ಜನರನ್ನು ಮನೆಗೆ ಕಳಿಸಿದರು. ಕಾರ್ಖಾನೆಯಲ್ಲೇ ಕೆಲಸ ಇದ್ದರೆ ನೋಡಬಹುದು.

ರಾಕ್ ಐಲ್ಯಾಂಡ್: ಎಲ್ಲರಿಗಿಂತ ಹೆಚ್ಚು ನೋವುಂಡ ಊರು

ಈ ಊರನ್ನು ಬೇಗ ತಳ್ಳಿಹಾಕಿಬಿಡುತ್ತಾರೆ, ಅದು ಸರಿಯಲ್ಲ. 1860ರಲ್ಲಿ ಫ್ರೆಡರಿಕ್ ವೇಯರ್‌ಹೌಸರ್ ಎಂಬ ಜರ್ಮನ್ ವಲಸಿಗ ತನ್ನ ಷಡ್ಡಕನ ಜೊತೆ ಸೇರಿ ಇಲ್ಲಿ ಒಂದು ಸಾಮಿಲ್ ಕೊಂಡ. ಉತ್ತರದ ಪೈನ್ ಮರದ ದಿಮ್ಮಿಗಳು ನದಿಯಲ್ಲಿ ತೇಲಿ ಬರುತ್ತಿದ್ದವು. ಮರವಿಲ್ಲದ ಪ್ರೇರಿಯಲ್ಲಿ ಮನೆ ಕಟ್ಟುವವರಿಗೆಲ್ಲ ಹಲಗೆ ಬೇಕಿತ್ತು. ಆ ಮಿಲ್ಲಿನಿಂದ ಬೆಳೆದದ್ದು ಅಮೆರಿಕದ ಅತಿ ದೊಡ್ಡ ಮರದ ಕಂಪನಿಗಳಲ್ಲೊಂದು. ಕಾಡು ಬರಿದಾದ ಮೇಲೆ ಮಿಲ್ಲು ಹೋಯಿತು, ಟ್ರ್ಯಾಕ್ಟರ್ ಬಂತು. 1926ರಿಂದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಇಲ್ಲಿ ಫಾರ್ಮಾಲ್ ಟ್ರ್ಯಾಕ್ಟರ್ ಮಾಡಿತು. ತಲೆಮಾರುಗಳ ಕಾಲ ಮನೆಮಂದಿ ಅಲ್ಲೇ ದುಡಿದರು.

1980ರ ದಶಕದಲ್ಲಿ ಅಮೆರಿಕದ ರೈತರು ಸಾಲದಲ್ಲಿ ಮುಳುಗಿದರು. ಬಡ್ಡಿ ಏರಿತು, ಹೊಲದ ಬೆಲೆ ಬಿತ್ತು, ಹೊಸ ಯಂತ್ರ ಕೊಳ್ಳುವವರಿಲ್ಲ. ಫಾರ್ಮಾಲ್ ಕಾರ್ಖಾನೆ ಮುಚ್ಚಿತು. ನದಿಯಾಚೆ ಡ್ಯಾವೆನ್‌ಪೋರ್ಟ್‌ನಲ್ಲಿ ಕ್ಯಾಟರ್‌ಪಿಲರ್ ಕಾರ್ಖಾನೆಯೂ ಮುಚ್ಚಿತು. ಊರಿನ ಹೆಸರು ಹೊತ್ತಿದ್ದ ರಾಕ್ ಐಲ್ಯಾಂಡ್ ರೈಲು ಕಂಪನಿ ಅದಕ್ಕೂ ಮುಂಚೆ 1980ರಲ್ಲೇ ನಿಂತುಹೋಗಿತ್ತು. 1960ರಲ್ಲಿ 51,863 ಇದ್ದ ಜನಸಂಖ್ಯೆ 2020ರಲ್ಲಿ 37,108. ಮನೆ ಬೆಲೆ ಕಡಿಮೆ ಇರುವುದಕ್ಕೆ ಕಾರಣ ಇದು.

ಆದರೆ ಉಳಿದದ್ದೇನು ನೋಡಿ. 1875ರಲ್ಲಿ ಸ್ವೀಡಿಷ್ ವಲಸಿಗರು ಇಲ್ಲಿಗೆ ತಂದ ಆಗಸ್ಟಾನಾ ಕಾಲೇಜು ಗುಡ್ಡದ ಮೇಲಿದೆ. ಅದರ ಸುತ್ತಮುತ್ತ ದೊಡ್ಡ ಮರಗಳ ನೆರಳಿನ ಗಟ್ಟಿ ಹಳೆ ಮನೆಗಳಿವೆ. 1970ರ ದಶಕದಲ್ಲೇ ಕಟ್ಟಿದ ತಡೆಗೋಡೆ ಪೇಟೆಯನ್ನು ಕಾಯುತ್ತದೆ. ಎದುರು ದಂಡೆ ಮುಳುಗಿದಾಗಲೂ ಇಲ್ಲಿನ ಪೇಟೆ ಒಣಗಿರುತ್ತದೆ. ಬರ್ಮಾ, ಆಫ್ರಿಕಾದಿಂದ ಬಂದ ನಿರಾಶ್ರಿತರ ಕುಟುಂಬಗಳು ಇಲ್ಲಿ ನೆಲೆ ಕಂಡುಕೊಂಡಿವೆ. ಕಡಿಮೆ ದುಡ್ಡಿಗೆ ಗಟ್ಟಿ ಮನೆ ಬೇಕು, ಬೀದಿ ಬೀದಿ ನೋಡಿ ಆರಿಸುವ ತಾಳ್ಮೆ ಇದೆ ಅನ್ನುವವರು ಇಲ್ಲಿ ಖಂಡಿತ ಹುಡುಕಿ. ಒಂದು ಬೀದಿಗೂ ಇನ್ನೊಂದಕ್ಕೂ ವ್ಯತ್ಯಾಸ ಬಹಳ. ಆನ್‌ಲೈನ್ ಫೋಟೊ ನಂಬಿ ಮುಂಗಡ ಕೊಡಬೇಡಿ.

ಊರಿನ ಎದುರಿಗಿರುವ ದ್ವೀಪದಲ್ಲಿ 1862ರಲ್ಲಿ ಸ್ಥಾಪನೆಯಾದ ಸೇನೆಯ ಶಸ್ತ್ರಾಗಾರ ಇಂದಿಗೂ ಸಾವಿರಾರು ಜನರಿಗೆ ಕೆಲಸ ಕೊಡುತ್ತದೆ. ಕಾರ್ಖಾನೆಗಳು ಮುಚ್ಚಿದಾಗ ಈ ಊರುಗಳನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಆದರೆ ಕೇಂದ್ರ ಸರ್ಕಾರದ ಇಂಥ ಕೆಲಸಗಳಿಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ಹೆಂಡತಿಗೋ ಗಂಡನಿಗೋ ಅಲ್ಲಿ ಕೆಲಸ ಸಿಕ್ಕೀತು ಅಂತ ಎಣಿಸಿ ಊರು ಆರಿಸಬೇಡಿ.

ಬೆಟೆಂಡಾರ್ಫ್: ತಡವಾಗಿ ಬಂದು ಬೇಗ ಬೆಳೆದದ್ದು

ರೈಲ್ವೆ ವ್ಯಾಗನ್ನಿನ ಭಾಗ ಮಾಡುತ್ತಿದ್ದ ಬೆಟೆಂಡಾರ್ಫ್ ಸಹೋದರರು ತಮ್ಮ ಕಾರ್ಖಾನೆಯನ್ನು ಡ್ಯಾವೆನ್‌ಪೋರ್ಟ್‌ನಿಂದ ಪಕ್ಕದ ಹಳ್ಳಿಗೆ ತಂದರು. 1903ರಲ್ಲಿ ಆ ಹಳ್ಳಿ ಅವರ ಹೆಸರಿನ ಊರಾಯಿತು. 1950ರವರೆಗೂ ಐದು ಸಾವಿರದಷ್ಟೇ ಜನ. 1948ರಲ್ಲಿ ಪಕ್ಕದಲ್ಲೇ ಆಲ್ಕೋವಾ ಅಲ್ಯೂಮಿನಿಯಂ ಕಾರ್ಖಾನೆ ಬಂತು, ಆಮೇಲೆ ಹೆದ್ದಾರಿ ಬಂತು, ಜೋಳದ ಹೊಲಗಳು ಒಂದೊಂದೇ ಬಡಾವಣೆಯಾದವು. ಈಗ 39,102 ಜನ, ಸುತ್ತಲಿನ ಊರುಗಳು ಕುಗ್ಗಿದ ಕಾಲದಲ್ಲೂ ಇದು ಬೆಳೆಯಿತು. ಮನೆಗಳು ಹೊಸವು, ಗ್ಯಾರೇಜು ದೊಡ್ಡದು. ಊರಿನ ಒಂದು ಭಾಗ ಪ್ಲೆಸೆಂಟ್ ವ್ಯಾಲಿ ಶಾಲಾ ಜಿಲ್ಲೆಗೆ ಸೇರಿದೆ, ಅದಕ್ಕೆ ಒಳ್ಳೆಯ ಹೆಸರಿದೆ. ಭಾರತೀಯ ಕುಟುಂಬಗಳು ಇಲ್ಲಿಗೆ ಹೋಗಲು ಅದೇ ಕಾರಣ. ಶಾಲೆಗಾಗಿ ಬರುವುದಾದರೆ ಮನೆ ವಿಳಾಸ ಯಾವ ಶಾಲಾ ಜಿಲ್ಲೆಗೆ ಬರುತ್ತದೆ ಅಂತ ಖಚಿತ ಮಾಡಿಕೊಳ್ಳಿ, ಊರಿನ ಹೆಸರು ನೋಡಿದರೆ ಸಾಲದು.

ಇಲ್ಲಿ ಇಲ್ಲದ್ದು ಹಳೆ ಪೇಟೆ. ಹಾಲು ತರಲೂ ಕಾರು ಬೇಕು. ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ಮನೆಯಾದರೆ ಇದನ್ನು ಯೋಚಿಸಲೇಬೇಕು. ದಿನವೆಲ್ಲ ಕಿಟಕಿ ಮುಂದೆ ಕೂರುವುದು ಅವರಿಗೆ ಕಷ್ಟ ಅಲ್ವಾ?

ತೆರಿಗೆ ಮತ್ತು ಸೇತುವೆ

ಒಂದು ದಂಡೆಯಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಇದ್ದರೆ ಎರಡು ಕಡೆ ತೆರಿಗೆ ಬೀಳುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಎರಡು ರಾಜ್ಯಗಳ ನಡುವೆ ಒಪ್ಪಂದವಿದೆ, ಸಂಬಳದ ಮೇಲಿನ ರಾಜ್ಯ ತೆರಿಗೆ ನೀವು ವಾಸವಿರುವ ರಾಜ್ಯಕ್ಕೆ ಮಾತ್ರ. ಇಲಿನಾಯ್‌ನಲ್ಲಿ ಅದು ಶೇ 4.95, ಅಯೋವಾದಲ್ಲಿ 2025ರಿಂದ ಶೇ 3.8. ಕಂಪನಿಗೆ ಅದಕ್ಕೆ ಬೇಕಾದ ಫಾರಂ ಮೊದಲ ದಿನವೇ ಕೊಡಿ. ಮನೆ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಲೆಕ್ಕ ಆಸ್ತಿ ತೆರಿಗೆ. ಇಲಿನಾಯ್‌ನ ಆಸ್ತಿ ತೆರಿಗೆ ಇಡೀ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲೊಂದು. ಆ ದಂಡೆಯಲ್ಲಿ ಮನೆ ಅಗ್ಗ ಅನ್ನಿಸಿದರೆ ಹಿಂದಿನ ವರ್ಷದ ತೆರಿಗೆ ರಸೀದಿ ತರಿಸಿ, ತಿಂಗಳ ಕಂತಿಗೆ ಸೇರಿಸಿ ನೋಡಿ. ಎಷ್ಟೋ ಸಲ ಅಗ್ಗದ ಮನೆ ಅಗ್ಗವಾಗಿರುವುದಿಲ್ಲ.

ಸೇತುವೆಗಳಲ್ಲಿ ನಿಮಗೆ ಹೆಚ್ಚು ಬೇಕಾಗುವುದು ಮೋಲೀನ್ ಮತ್ತು ಬೆಟೆಂಡಾರ್ಫ್ ಸೇರಿಸುವ ಐ 74 ಹೆದ್ದಾರಿಯ ಸೇತುವೆ. 1935ರ ಹಳೆ ಸೇತುವೆ ಬಹಳ ಇಕ್ಕಟ್ಟಾಗಿತ್ತು. ಬಿಳಿ ಕಮಾನುಗಳ ಹೊಸ ಸೇತುವೆ 2021ರ ಕೊನೆಗೆ ಪೂರ್ತಿ ತೆರೆಯಿತು, ನಡೆಯುವವರಿಗೆ ಬೇರೆ ದಾರಿಯೂ ಇದೆ. ಇದರಿಂದ ಬೆಟೆಂಡಾರ್ಫ್‌ನಲ್ಲಿದ್ದು ಮೋಲೀನ್‌ನಲ್ಲಿ ದುಡಿಯುವುದು ಈಗ ನಿಜಕ್ಕೂ ಸುಲಭ.

ರಾಕ್ ಐಲ್ಯಾಂಡ್ ಶಸ್ತ್ರಾಗಾರದ ಬಳಿಯ 1896ರ ಗವರ್ನಮೆಂಟ್ ಸೇತುವೆ ಮಾತ್ರ ಬೇರೆಯೇ ಲೋಕ. ಮೇಲೆ ರೈಲು, ಕೆಳಗೆ ಕಾರು. ಸರಕು ದೋಣಿ ಬಂದರೆ ಸೇತುವೆಯ ಒಂದು ತುಂಡು ತನ್ನ ಕಂಬದ ಮೇಲೆ ತಿರುಗಿ ದಾರಿ ಬಿಡುತ್ತದೆ. ಪಕ್ಕದಲ್ಲೇ 15ನೇ ನಂಬರಿನ ಲಾಕ್ ಇದೆ, ಅಂದರೆ ಅಣೆಕಟ್ಟಿನ ಬಳಿ ನೀರು ತುಂಬಿಸಿ, ಖಾಲಿ ಮಾಡಿ ದೋಣಿಗಳನ್ನು ಏರಿಸಿ ಇಳಿಸುವ ತೊಟ್ಟಿ. ಅದರ ಉದ್ದ 600 ಅಡಿ. ಹದಿನೈದು ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಕಟ್ಟಿದ ಸಾಲು ಅದರಲ್ಲಿ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಸಾಲನ್ನು ಎರಡು ತುಂಡು ಮಾಡಿ, ಒಂದನ್ನು ದಾಟಿಸಿ, ನೀರು ಮತ್ತೆ ತುಂಬಿಸಿ, ಇನ್ನೊಂದನ್ನು ದಾಟಿಸಿ ಆಮೇಲೆ ಜೋಡಿಸುತ್ತಾರೆ. ಅಷ್ಟೂ ಹೊತ್ತು ಕಾರುಗಳ ಸಾಲು ಬೆಳೆಯುತ್ತಾ ಹೋಗಬಹುದು. ದಿನವೂ ಈ ಸೇತುವೆ ಮೇಲೆ ಹೋಗಬೇಕಾದ ಮನೆ ಹಿಡಿಯಬೇಡಿ. ಬಿಡುವಿನ ದಿನ ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗಿ. ಚಳಿಗಾಲದಲ್ಲಿ ನದಿಯೆಲ್ಲ ಹೆಪ್ಪುಗಟ್ಟಿದಾಗಲೂ ಅಣೆಕಟ್ಟಿನ ಕೆಳಗೆ ನೀರು ತೆರೆದಿರುತ್ತದೆ. ಅಲ್ಲಿ ಮೀನು ಹಿಡಿಯಲು ಬಿಳಿತಲೆಯ ಹದ್ದುಗಳು ಗುಂಪಾಗಿ ಬಂದು ಕೂರುತ್ತವೆ.

ಚಳಿಯ ವಿಷಯದಲ್ಲಿ ಐದೂ ಊರು ಒಂದೇ. 2019ರ ಜನವರಿ 31ರಂದು ಮೋಲೀನ್‌ನಲ್ಲಿ ಉಷ್ಣಾಂಶ ಸೊನ್ನೆಗಿಂತ 36 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಹಳೆ ಮನೆಯಾದರೆ ಕಿಟಕಿ, ಬಿಸಿ ಗಾಳಿಯ ಯಂತ್ರ, ಹಿಂದಿನ ಜನವರಿಯ ಗ್ಯಾಸ್ ಬಿಲ್ಲು ಮೂರನ್ನೂ ನೋಡಿ.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲ ವರ್ಷ ಮೋಲೀನ್‌ನಲ್ಲಿ ಬಾಡಿಗೆಗೆ ಇದ್ದು ಒಂದು ಚಳಿಗಾಲ, ಒಂದು ವಸಂತದ ನೆರೆ ಎರಡನ್ನೂ ನೋಡುತ್ತೇನೆ. ಮಕ್ಕಳು ಪ್ರೌಢಶಾಲೆಗೆ ಬಂದಿದ್ದರೆ ಬೆಟೆಂಡಾರ್ಫ್ ಕಡೆ ಹುಡುಕುತ್ತೇನೆ. ಒಂಟಿಯಾಗಿದ್ದರೆ, ಸಂಗೀತ, ಪೇಟೆ, ನಡೆದಾಟ ಬೇಕೆನ್ನುವವರಾದರೆ ಡ್ಯಾವೆನ್‌ಪೋರ್ಟ್‌ನ ಏರಿನ ಮೇಲಿನ ಬೀದಿಗಳು ಒಳ್ಳೆಯದು. ಕೊಳ್ಳುವ ಹಣ ಕಡಿಮೆ ಇದ್ದರೆ ರಾಕ್ ಐಲ್ಯಾಂಡ್‌ನ ಕಾಲೇಜಿನ ಸುತ್ತ. ಶಿಕಾಗೋ ಬಳಿಯ ಅರೋರಾದ ಬಾಲಾಜಿ ದೇವಸ್ಥಾನಕ್ಕೋ ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮಗಳಿಗೋ ಆಗಾಗ ಹೋಗುವವರಿಗೆ ಇಲಿನಾಯ್ ದಂಡೆ ಕೊಂಚ ಹತ್ತಿರ. ಈಸ್ಟ್ ಮೋಲೀನ್ ಬಳಿ ಐ 88 ಹೆದ್ದಾರಿ ಹತ್ತಿದರೆ ಅರೋರಾಗೆ ಸುಮಾರು ಎರಡು ಗಂಟೆಯ ದಾರಿ.